ಸೀಗಡಿಯೇ ಇಲ್ಲದ ಮೀನಿನ ಸಾರದಲ್ಲೂ ಸಂವೇದಕ ‘ಸೀಗಡಿ ಇದೆ’ ಎನ್ನುತ್ತಿದೆ: ತಪ್ಪು ಎಲ್ಲಿರಬಹುದು?

ಪ್ರಶ್ನೆ: ಶೀತಲಗೃಹ

ಎಲ್ಲರಿಗೂ ನಮಸ್ಕಾರ. ಮೀನಿನ ಉತ್ಪನ್ನಗಳನ್ನು ತಯಾರಿಸುವ ಘಟಕವೊಂದರ ಗುಣಮಟ್ಟ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಒಂದೇ ಯಂತ್ರಸಾಲಿನಲ್ಲಿ ಮೊದಲು ಸೀಗಡಿ ಬೆರೆತ ಉಂಡೆಗಳು, ಯಂತ್ರವನ್ನು ತೊಳೆದ ಬಳಿಕ ಬರೀ ಮೀನಿನ ಉಂಡೆಗಳು ತಯಾರಾಗುತ್ತವೆ. ಎರಡನೆಯದರಲ್ಲಿ ಸೀಗಡಿಯ ಅಂಶ ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಲು ಈವರೆಗೆ ಎಲೈಸಾ (ಪ್ರತಿಕಾಯಗಳ ನೆರವಿನಿಂದ ಪ್ರೋಟೀನನ್ನು ಪತ್ತೆಹಚ್ಚುವ ಪರೀಕ್ಷೆ) ಕಿಟ್ ಬಳಸುತ್ತಿದ್ದೇವೆ. ಆದರೆ ಅದರ ಫಲಿತಾಂಶ ಕೈಗೆ ಬರುವ ಹೊತ್ತಿಗೆ ಸರಕು ಪೊಟ್ಟಣ ಸೇರಿಯಾಗಿರುತ್ತದೆ. ಸಾಲಿನ ಪಕ್ಕದಲ್ಲೇ ಹದಿನೈದು ಇಪ್ಪತ್ತು ನಿಮಿಷದಲ್ಲಿ ಉತ್ತರ ಕೊಡುವ ವಿದ್ಯುತ್‌ರಾಸಾಯನಿಕ ಸಂವೇದಕವೊಂದನ್ನು ನಾವೇ ಸಿದ್ಧಪಡಿಸಿಕೊಳ್ಳೋಣ ಎಂದು ಹೊರಟೆವು.

ನಾವು ಮಾಡಿದ್ದು ಇಷ್ಟು. ಮುದ್ರಿತ ಚಿನ್ನದ ಎಲೆಕ್ಟ್ರೋಡಿನ ಮೇಲೆ ಥಯಾಲ್ (ಗಂಧಕವಿರುವ ಸಾವಯವ ಅಣು) ಪದರವನ್ನು ಕೂರಿಸಿ, ಅದಕ್ಕೆ ಇಡಿಸಿ–ಎನ್‌ಎಚ್‌ಎಸ್ ಎಂಬ ಜೋಡಣೆ ರಾಸಾಯನಿಕಗಳ ಮೂಲಕ ಸೀಗಡಿಯ ಮುಖ್ಯ ಅಲರ್ಜಿಕಾರಕ ಪ್ರೋಟೀನಾದ ಟ್ರೋಪೋಮಯೋಸಿನ್‌ಗೆ ಅಂಟುವ ಪ್ರತಿಕಾಯವನ್ನು ಜೋಡಿಸಿ, ಖಾಲಿ ಜಾಗಗಳನ್ನು ಬಿಎಸ್‌ಎ ಪ್ರೋಟೀನಿನಿಂದ ಮುಚ್ಚಿದೆವು. ಮಾದರಿಯ ಸಾರದೊಳಕ್ಕೇ ಫೆರಿ–ಫೆರೋಸಯನೈಡ್ ಬೆರೆಸಿ, ಇಂಪೀಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆ) ಅಳೆದು, ವಿದ್ಯುದಂಶ ದಾಟುವ ರೋಧ ಎಷ್ಟು ಏರಿತೆಂದು ನೋಡುತ್ತೇವೆ. ಸಮಯ ಉಳಿಸುವ ಉದ್ದೇಶದಿಂದ ನಡುವೆ ತೊಳೆಯುವ ಹಂತವನ್ನು ಕೈಬಿಟ್ಟಿದ್ದೇವೆ.

ಶುದ್ಧ ಬಫರಿನಲ್ಲಿ ಎಲ್ಲವೂ ಸೊಗಸಾಗಿದೆ: ಮಿಲಿಲೀಟರಿಗೆ 1 ನ್ಯಾನೋಗ್ರಾಂನಿಂದ 1 ಮೈಕ್ರೋಗ್ರಾಂವರೆಗೆ ಲಾಗ್ ಪ್ರಮಾಣದಲ್ಲಿ ನೇರ ಗೆರೆ ಬರುತ್ತದೆ. ತೊಂದರೆ ಶುರುವಾಗುವುದು ನಿಜವಾದ ಮೀನನ್ನು ಮುಟ್ಟಿದಾಗ. ಸೀಗಡಿಯ ಸುಳಿವೇ ಇಲ್ಲದ ಬಂಗಡೆ ಮೀನಿನ ಸಾರ 100 ನ್ಯಾನೋಗ್ರಾಂ ಟ್ರೋಪೋಮಯೋಸಿನ್ ಇರುವ ಮಾನಕ ದ್ರಾವಣದಷ್ಟೇ ರೋಧವನ್ನು ತೋರಿಸುತ್ತಿದೆ. ಪ್ರತಿಕಾಯವನ್ನೇ ಜೋಡಿಸದ ಎಲೆಕ್ಟ್ರೋಡ್ ಕೂಡ ಸುಮಾರು ಹಾಗೆಯೇ ನಡೆದುಕೊಳ್ಳುತ್ತದೆ. ಕರಿದ ಉಂಡೆಗಳಿಂದ ಪ್ರೋಟೀನ್ ಸರಿಯಾಗಿ ಹೊರಬರಲೆಂದು ಮರ್ಕ್ಯಾಪ್ಟೋಎಥನಾಲ್ ಇರುವ ಬಫರ್ ಬಳಸಿದರೆ ಇನ್ನೂ ವಿಚಿತ್ರ: ರೋಧ ಏರುವ ಬದಲು ಇಳಿಯುತ್ತದೆ. ಇಂಪೀಡೆನ್ಸನ್ನು ಚಿತ್ರಿಸುವ ನೈಕ್ವಿಸ್ಟ್ ನಕ್ಷೆಯಲ್ಲಿ ರೋಧವನ್ನು ಸೂಚಿಸುವ ಅರ್ಧವೃತ್ತ ಕಣ್ಣೆದುರಿಗೇ ಕುಗ್ಗುತ್ತಾ ಹೋಗುವುದನ್ನು ನೋಡಿ ನಾವು ಯಂತ್ರವೇ ಕೆಟ್ಟಿದೆ ಎಂದುಕೊಂಡೆವು.

ಪ್ರಕಟಿತ ಸಂಶೋಧನೆಗಳಲ್ಲಿ ಪೀಕೋಗ್ರಾಂ ಮಟ್ಟದ ಪತ್ತೆಮಿತಿ ಎಂದೆಲ್ಲ ಬರೆದಿರುತ್ತದೆ. ನಮಗೆ ನಿಜಕ್ಕೂ ಎಷ್ಟು ಸೂಕ್ಷ್ಮತೆ ಬೇಕು? ಈ ವಿಧಾನವನ್ನು ಸರಿಪಡಿಸಬಹುದೇ ಅಥವಾ ಬಿಟ್ಟುಬಿಡುವುದು ಲೇಸೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಮೂರನೆಯ ತಂತಿ

ನಿಮ್ಮ ಯಂತ್ರ ಕೆಟ್ಟಿಲ್ಲ. ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡುತ್ತಿದೆ. ನೀವು ಕೇಳಿದ ಪ್ರಶ್ನೆಗೆ ಅದು ಉತ್ತರಿಸುತ್ತಿಲ್ಲ, ಅಷ್ಟೆ. ಗುರುತು ಕಟ್ಟದ ಇಂಪೀಡೆನ್ಸ್ ಸಂವೇದಕಕ್ಕೆ ಟ್ರೋಪೋಮಯೋಸಿನ್ ಎಂದರೇನು ಎಂಬುದು ಗೊತ್ತಿಲ್ಲ. ಚಿನ್ನದ ಮೇಲ್ಮೈಗೂ ಫೆರಿಸಯನೈಡಿಗೂ ನಡುವೆ ಏನಾದರೂ ಬಂದು ಕುಳಿತರೆ ಅದು ರೋಧ ಏರಿತೆಂದು ಹೇಳುತ್ತದೆ, ಕುಳಿತದ್ದು ಸೀಗಡಿಯ ಪ್ರೋಟೀನೋ ಬಂಗಡೆಯ ಕೊಬ್ಬೋ ಎಂಬ ಭೇದ ಅದಕ್ಕಿಲ್ಲ. ಪ್ರತಿಕಾಯವಿಲ್ಲದ ಎಲೆಕ್ಟ್ರೋಡ್ ಕೂಡ ಅದೇ ಸಂಕೇತ ಕೊಟ್ಟಿತು ಎಂಬ ನಿಮ್ಮ ಮಾತಿನಲ್ಲೇ ರೋಗನಿರ್ಣಯ ಮುಗಿದಿದೆ. ಆ ಪರೀಕ್ಷೆಯನ್ನು ಮಾಡಿ ನೋಡಿದ್ದಕ್ಕೆ ನಿಮ್ಮನ್ನು ಮೆಚ್ಚಬೇಕು, ಏಕೆಂದರೆ ಅದನ್ನು ಮಾಡದೆಯೇ ಸುಂದರವಾದ ಗೆರೆಯನ್ನು ಪ್ರಕಟಿಸುವವರು ಕಡಿಮೆಯೇನಿಲ್ಲ.

ರೋಧ ಇಳಿದದ್ದಕ್ಕೆ ಕಾರಣ ಬೇರೆ. ಮರ್ಕ್ಯಾಪ್ಟೋಎಥನಾಲ್ ಸ್ವತಃ ಒಂದು ಥಯಾಲ್. ನೀವು ಶ್ರಮಪಟ್ಟು ಚಿನ್ನದ ಮೇಲೆ ಕೂರಿಸಿದ ಪದರವೂ ಗಂಧಕದ ಕೊಂಡಿಯಿಂದಲೇ ಅಂಟಿಕೊಂಡಿರುತ್ತದೆ. ಸಾರದಲ್ಲಿರುವ ಕೋಟ್ಯಂತರ ಸಣ್ಣ ಥಯಾಲ್ ಅಣುಗಳು ಅದನ್ನು ಎಬ್ಬಿಸಿ ಆ ಜಾಗದಲ್ಲಿ ತಾವು ಕುಳಿತುಕೊಳ್ಳುತ್ತವೆ. ಪದರ ಹೋಗುತ್ತದೆ, ಅದರೊಂದಿಗೆ ಪ್ರತಿಕಾಯವೂ ಹೋಗುತ್ತದೆ, ದಾರಿ ತೆರೆದುಕೊಂಡು ರೋಧ ಕುಸಿಯುತ್ತದೆ. ನೀವು ಕಂಡ ಕುಗ್ಗುವ ಅರ್ಧವೃತ್ತ ಸಂವೇದಕ ಕಳಚಿಕೊಳ್ಳುತ್ತಿರುವ ದೃಶ್ಯ.

ತೊಳೆಯದೆ ಸಾರದೊಳಗೇ ಅಳೆಯುವುದರಿಂದ ಇನ್ನೊಂದು ಸೂಕ್ಷ್ಮ ತೊಂದರೆಯನ್ನೂ ಆಹ್ವಾನಿಸಿಕೊಂಡಿದ್ದೀರಿ. ಮುದ್ರಿತ ಎಲೆಕ್ಟ್ರೋಡಿನಲ್ಲಿ ವಿಭವವನ್ನು ಹೋಲಿಸಿ ನೋಡಲು ಇರುವ ಆಧಾರ ತಂತಿ ಬೆಳ್ಳಿ–ಬೆಳ್ಳಿ ಕ್ಲೋರೈಡಿನದು, ಅದಕ್ಕೆ ತನ್ನದೇ ಆದ ಒಳದ್ರಾವಣವಿರುವುದಿಲ್ಲ. ಹೊರಗಿನ ಕ್ಲೋರೈಡ್ ಎಷ್ಟಿದೆಯೋ ಅದರ ಮೇಲೆ ಅದರ ವಿಭವ ನಿಂತಿರುತ್ತದೆ. ಕ್ಲೋರೈಡ್ ಹತ್ತು ಪಟ್ಟು ಬದಲಾದರೆ ಕೋಣೆಯ ಉಷ್ಣತೆಯಲ್ಲಿ ಸುಮಾರು 59 ಮಿಲಿವೋಲ್ಟ್ ಸರಿಯುತ್ತದೆ. ಮಾನಕವನ್ನು 0.14 ಮೋಲಾರ್ ಕ್ಲೋರೈಡ್ ಇರುವ ಫಾಸ್ಫೇಟ್ ಬಫರಿನಲ್ಲಿಯೂ, ಮಾದರಿಯನ್ನು 0.6 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿಯೂ ಅಳೆದರೆ 37 ಮಿಲಿವೋಲ್ಟಿನಷ್ಟು ವ್ಯತ್ಯಾಸ ಅಲ್ಲಿಯೇ ಬಂತು. ನೀವು ಒಂದು ನಿಗದಿತ ವಿಭವದಲ್ಲಿ ಅಳೆಯುತ್ತಿದ್ದೇನೆ ಎಂದುಕೊಂಡಿರುತ್ತೀರಿ, ಎಲೆಕ್ಟ್ರೋಡ್ ಬೇರೆಲ್ಲೋ ನಿಂತಿರುತ್ತದೆ. ರಕ್ತದ ಸಕ್ಕರೆ ಅಳೆಯುವವರಿಗೆ ಈ ಕಾಟ ಅಷ್ಟಾಗಿ ಇಲ್ಲ, ರಕ್ತದ ಕ್ಲೋರೈಡ್ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಕಡಲ ಸರಕಿನ ಉಪ್ಪಿಗೆ ಅಂಥ ಶಿಸ್ತಿಲ್ಲ.

ಸೀಗಡಿ ಇರುವ ಮಾದರಿಗಳಲ್ಲಿ ಸಲ್ಫೈಟನ್ನೂ ನೆನಪಿನಲ್ಲಿಡಿ. ಸೀಗಡಿಯ ಚಿಪ್ಪು ಕಪ್ಪಾಗದಿರಲೆಂದು ಮೆಟಾಬೈಸಲ್ಫೈಟಿನಲ್ಲಿ ಅದ್ದುವ ರೂಢಿಯಿದೆ. ಸಲ್ಫೈಟ್ ಎಲೆಕ್ಟ್ರೋಡಿನ ಮೇಲೆ ಸುಲಭವಾಗಿ ಉತ್ಕರ್ಷಣೆಗೊಳ್ಳುವ ವಸ್ತು. ಅದು ಕೊಡುವ ಪ್ರವಾಹಕ್ಕೂ ಅಲರ್ಜಿಕಾರಕಕ್ಕೂ ಸಂಬಂಧವಿರುವುದಿಲ್ಲ.

ನನ್ನ ಸಲಹೆ: ಎಲೆಕ್ಟ್ರೋಡಿನ ಮೇಲೆ ಹಿಡಿಯುವುದನ್ನು ಬಿಡಿ. ಪ್ರತಿಕಾಯವನ್ನು ಕಾಂತೀಯ ಮಣಿಗಳ ಮೇಲೆ ಕೂರಿಸಿ, ಟ್ರೋಪೋಮಯೋಸಿನನ್ನು ಮಣಿಗಳಲ್ಲೇ ಹಿಡಿದು, ಆಯಸ್ಕಾಂತದಿಂದ ಮಣಿಗಳನ್ನು ಕೊಳವೆಯ ಗೋಡೆಗೆ ಎಳೆದುಕೊಂಡು ಸಾರವನ್ನು ಚೆಲ್ಲಿ, ಎರಡು ಬಾರಿ ತೊಳೆಯಿರಿ. ನಂತರ ಪೆರಾಕ್ಸಿಡೇಸ್ ಕಿಣ್ವ ಕಟ್ಟಿದ ಎರಡನೆಯ ಪ್ರತಿಕಾಯವನ್ನು ಸೇರಿಸಿ, ಮತ್ತೆ ತೊಳೆದು, ಮಣಿಗಳನ್ನು ಮುದ್ರಿತ ಕಾರ್ಬನ್ ಎಲೆಕ್ಟ್ರೋಡಿನ ಮೇಲೆ ಸುರಿದು, ಕೆಳಗೆ ಆಯಸ್ಕಾಂತವಿಟ್ಟು, ಟಿಎಂಬಿ (ಈ ಕಿಣ್ವದಿಂದ ಉತ್ಕರ್ಷಣೆಗೊಂಡು ನೀಲಿಯಾಗುವ ವಸ್ತು) ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟು ಪ್ರವಾಹವನ್ನು ಓದಿಕೊಳ್ಳಿ. ಓದುವ ವಿಭವ ಸೊನ್ನೆಯ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ಇರುವುದರಿಂದ ಆಸ್ಕಾರ್ಬಿಕ್ ಆಮ್ಲದಂಥವು ಅಲ್ಲಿ ಅಷ್ಟಾಗಿ ತಲೆಹಾಕುವುದಿಲ್ಲ. ಎಲೆಕ್ಟ್ರೋಡ್ ಮೀನಿನ ಸಾರವನ್ನು ಕಣ್ಣಿನಿಂದಲೂ ನೋಡುವುದಿಲ್ಲ.

ತೊಳೆಯುವುದರಲ್ಲಿ ಜಿಪುಣತನ ಬೇಡ. ಬಂಗಡೆಯಂಥ ಕಪ್ಪು ಮಾಂಸದ ಮೀನಿನಲ್ಲಿ ಮಯೋಗ್ಲೋಬಿನ್ ಹೇರಳವಾಗಿರುತ್ತದೆ, ಅದರ ಹೀಮ್ ಭಾಗವೂ ಪೆರಾಕ್ಸೈಡಿನೊಡನೆ ಸೇರಿ ಟಿಎಂಬಿಯನ್ನು ನೀಲಿಯಾಗಿಸಬಲ್ಲದು.

ಉತ್ತರ 2: ನಿಧಾನಿ

ಮೇಲಿನವರ ರಾಸಾಯನಿಕ ವಿವರಣೆಯನ್ನು ಒಪ್ಪುತ್ತೇನೆ. ನಾನು ಉತ್ತರಿಸಹೊರಟಿರುವುದು ‘ಎಷ್ಟು ಸೂಕ್ಷ್ಮತೆ ಬೇಕು’ ಎಂಬ ಪ್ರಶ್ನೆಗೆ, ಏಕೆಂದರೆ ಅದನ್ನು ಮೊದಲು ಲೆಕ್ಕ ಹಾಕಿದ್ದರೆ ನಿಮ್ಮ ಅರ್ಧ ಕಷ್ಟ ಬರುತ್ತಲೇ ಇರಲಿಲ್ಲ.

ಎಫ್‌ಎಒ ಮತ್ತು ಡಬ್ಲ್ಯುಎಚ್‌ಒ (ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳು) ಜಂಟಿಯಾಗಿ ಕರೆದ ತಜ್ಞರು 2021ರಲ್ಲಿ ಮುಖ್ಯ ಅಲರ್ಜಿಕಾರಕಗಳಿಗೆ ಆಧಾರ ಪ್ರಮಾಣಗಳನ್ನು ಶಿಫಾರಸು ಮಾಡಿದರು. ಸೀಗಡಿ, ಏಡಿಗಳ ವರ್ಗಕ್ಕೆ ಅದು 200 ಮಿಲಿಗ್ರಾಂ ಪ್ರೋಟೀನ್. ಮೀನಿಗೆ 5 ಮಿಲಿಗ್ರಾಂ. ಒಂದು ಹೊತ್ತಿಗೆ 100 ಗ್ರಾಂ ಉಂಡೆ ತಿನ್ನುತ್ತಾರೆ ಎಂದಿಟ್ಟುಕೊಂಡರೆ ಸೀಗಡಿಯ ಮಿತಿ ಕಿಲೋಗ್ರಾಂಗೆ 2000 ಮಿಲಿಗ್ರಾಂ ಪ್ರೋಟೀನ್ ಆಗುತ್ತದೆ. ಸೀಗಡಿಯ ಮಾಂಸದಲ್ಲಿ ಪ್ರೋಟೀನ್ ಐದನೆಯ ಒಂದು ಪಾಲಿನಷ್ಟಿರುವುದರಿಂದ, ಇದು 100 ಗ್ರಾಂ ಉಂಡೆಯಲ್ಲಿ 1 ಗ್ರಾಂ ಸೀಗಡಿ ಇದ್ದಂತೆ.

ಈಗ ಈ ಸಂಖ್ಯೆಯನ್ನು ಸಂವೇದಕದವರೆಗೆ ಕೊಂಡೊಯ್ಯೋಣ. ಆ ಪ್ರೋಟೀನಿನಲ್ಲಿ ಟ್ರೋಪೋಮಯೋಸಿನ್ ಶೇಕಡ 5ರಷ್ಟಿದೆ ಎಂದು ಲೆಕ್ಕಕ್ಕಾಗಿ ಹಿಡಿಯಿರಿ; ನಿಮ್ಮ ಸೀಗಡಿಯಲ್ಲಿ ಎಷ್ಟೆಂಬುದನ್ನು ನೀವೇ ಅಳೆದುಕೊಳ್ಳಬೇಕು. ಆಗ ಕಿಲೋಗ್ರಾಂಗೆ 100 ಮಿಲಿಗ್ರಾಂ, ಅಂದರೆ 1 ಗ್ರಾಂ ಮಾದರಿಯಲ್ಲಿ 100 ಮೈಕ್ರೋಗ್ರಾಂ. ಅದನ್ನು 10 ಮಿಲಿಲೀಟರ್ ಬಫರಿನಲ್ಲಿ ಕಲಕಿದರೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ. ನಿಮ್ಮ ಸಂವೇದಕ 1 ನ್ಯಾನೋಗ್ರಾಂ ಓದುತ್ತದೆ ಎನ್ನುತ್ತೀರಿ. ನಿಮ್ಮ ಬಳಿ ಹತ್ತು ಸಾವಿರ ಪಟ್ಟು ಸೂಕ್ಷ್ಮತೆ ಸುಮ್ಮನೆ ಬಿದ್ದಿದೆ!

ಆ ಮಿಗತೆಯನ್ನು ಖರ್ಚು ಮಾಡಿ. ಸಾರವನ್ನು ಸಾವಿರ ಪಟ್ಟು ತೆಳುಮಾಡಿದರೂ ಮಿತಿಯ ಮಟ್ಟದಲ್ಲಿ 10 ನ್ಯಾನೋಗ್ರಾಂ ಉಳಿಯುತ್ತದೆ, ಅದನ್ನು ನಿಮ್ಮ ಎಲೆಕ್ಟ್ರೋಡ್ ಆರಾಮವಾಗಿ ಓದುತ್ತದೆ. ಆದರೆ ಮೀನಿನ ಕೊಬ್ಬು, ಉಪ್ಪು, ಸಲ್ಫೈಟ್, ಮರ್ಕ್ಯಾಪ್ಟೋಎಥನಾಲ್ ಇವೆಲ್ಲವೂ ಸಾವಿರ ಪಟ್ಟು ತೆಳುವಾಗಿರುತ್ತವೆ. ಪೀಕೋಗ್ರಾಂ ಸಂವೇದಕದ ನಿಜವಾದ ಉಪಯೋಗ ಪೀಕೋಗ್ರಾಂ ಅಳೆಯುವುದಲ್ಲ, ಕೊಳೆಯನ್ನು ನೀರಿನಲ್ಲಿ ಮುಳುಗಿಸುವಷ್ಟು ಧಾರಾಳತನವನ್ನು ಕೊಡುವುದು.

ಒಂದೇ ತೆಳುವಿನಲ್ಲಿ ಅಳೆದು ಸುಮ್ಮನಾಗಬೇಡಿ. ಎರಡು ಪ್ರತಿಕಾಯಗಳ ವಿಧಾನದಲ್ಲಿ, ಅದರಲ್ಲೂ ಸಮಯ ಉಳಿಸಲು ಎರಡನ್ನೂ ನಡುವೆ ತೊಳೆಯದೆ ಒಟ್ಟಿಗೆ ಸೇರಿಸಿದಾಗ, ಅಲರ್ಜಿಕಾರಕ ಅತಿಯಾಗಿದ್ದರೆ ಅದು ಎರಡೂ ಪ್ರತಿಕಾಯಗಳನ್ನು ಬೇರೆಬೇರೆಯಾಗಿ ತುಂಬಿಬಿಡುತ್ತದೆ. ತೊಳೆದಾಗ ಗುರುತು ಕಟ್ಟಿದ್ದೂ ಹೋಗಿ ಸಂಕೇತ ತಗ್ಗುತ್ತದೆ. ಸೀಗಡಿಯ ದೊಡ್ಡ ತುಣುಕೇ ಬಿದ್ದ ಮಾದರಿ ‘ಶುದ್ಧ’ ಎಂದು ಪಾಸಾಗುವುದು ಹೀಗೆ. 1:100 ಮತ್ತು 1:1000 ಎರಡನ್ನೂ ಓದಿ. ತೆಳುವಾದದ್ದು ಹೆಚ್ಚು ತೋರಿಸಿದರೆ ಎಚ್ಚರಗೊಳ್ಳಿ.

ಉತ್ತರ 3: ಅಣುಗಂಟು

ನಿಧಾನಿಯವರ ಲೆಕ್ಕ ಸೊಗಸಾಗಿದೆ, ಆದರೆ ಅದರಲ್ಲಿ ಒಂದು ಮೌನ ಊಹೆಯಿದೆ: ಮಾದರಿಯಲ್ಲಿದ್ದ ಟ್ರೋಪೋಮಯೋಸಿನ್ ಅಷ್ಟೂ ಬಫರಿಗೆ ಇಳಿದುಬಂತು ಎಂಬುದು. ಕರಿದ ಉಂಡೆಯಲ್ಲಿ ಹಾಗಾಗುವುದಿಲ್ಲ.

ಮೊದಲು ಪ್ರೋಟೀನಿನ ಸ್ವಭಾವ. ಟ್ರೋಪೋಮಯೋಸಿನ್ ಎರಡು ಎಳೆಗಳು ಹಗ್ಗದಂತೆ ಹೆಣೆದುಕೊಂಡ ಸ್ನಾಯು ಪ್ರೋಟೀನ್. ಒಂದೊಂದು ಎಳೆಯಲ್ಲಿ 284 ಅಮೈನೋ ಆಮ್ಲಗಳಿವೆ. ಕುದಿಸಿದರೆ ಬಿಚ್ಚಿಕೊಳ್ಳುತ್ತದೆ, ತಣಿದರೆ ಮತ್ತೆ ಹೆಣೆದುಕೊಳ್ಳುತ್ತದೆ. ಸೀಗಡಿ ಬೇಯಿಸಿದ ನೀರಿನಲ್ಲೂ ಇದು ಕರಗಿಯೇ ಇರುತ್ತದೆ. ಸೀಗಡಿ ಅಲರ್ಜಿಗೆ ಮುಖ್ಯ ಕಾರಣ ಇದೇ ಎಂದು ಗುರುತಿಸಿ 1993ರಲ್ಲಿ ಪ್ರಕಟಿಸಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಇದ್ದರು, ಅವರು ಆರಿಸಿಕೊಂಡದ್ದು ಪೀನಿಯಸ್ ಇಂಡಿಕಸ್ ಎಂಬ ಸೀಗಡಿ. ಹೀಗೆ ಶಾಖಕ್ಕೆ ಜಗ್ಗದಿರುವುದರಿಂದಲೇ ಸಂವೇದಕಕ್ಕೆ ಇದು ಒಳ್ಳೆಯ ಗುರಿ. ಇನ್ನೊಂದು ಅಲರ್ಜಿಕಾರಕವಾದ ಆರ್ಜಿನೀನ್ ಕೈನೇಸ್ ಶಾಖಕ್ಕೆ ಬೇಗ ಹೆಪ್ಪುಗಟ್ಟುವುದರಿಂದ ಬೇಯಿಸಿದ ಸರಕಿನಲ್ಲಿ ಅದನ್ನು ನಂಬಲಾಗದು.

ಆದರೆ ಹಿಟ್ಟು ಹಚ್ಚಿ ಎಣ್ಣೆಯಲ್ಲಿ ಕರಿದಾಗ ಸನ್ನಿವೇಶವೇ ಬದಲಾಗುತ್ತದೆ. ಸಕ್ಕರೆಯೊಂದಿಗೆ ಮೈಯಾರ್ ಕ್ರಿಯೆ ನಡೆದು ಪ್ರೋಟೀನಿನ ಲೈಸೀನ್‌ಗಳು ಮುಚ್ಚಿಹೋಗುತ್ತವೆ, ಸುತ್ತಲಿನ ಪ್ರೋಟೀನುಗಳು ಹೆಪ್ಪುಗಟ್ಟಿ ಅದನ್ನು ಒಳಗೇ ಹಿಡಿದಿಡುತ್ತವೆ. ಅಲರ್ಜಿ ಇರುವವರ ಹೊಟ್ಟೆ ಅದನ್ನು ಜೀರ್ಣಿಸಿ ಹೊರತೆಗೆದೀತು, ನಿಮ್ಮ ಬಫರ್ ತೆಗೆಯಲಾರದು. ಇದನ್ನು ಕಂಡುಹಿಡಿಯದೆ ಇರಲು ಒಂದು ಸುಲಭ ದಾರಿಯಿದೆ, ಬಹಳ ಮಂದಿ ಅದನ್ನೇ ಹಿಡಿಯುತ್ತಾರೆ: ಮೀನಿನ ಸಾರವನ್ನು ತೆಗೆದ ಮೇಲೆ ಅದಕ್ಕೆ ಶುದ್ಧ ಟ್ರೋಪೋಮಯೋಸಿನ್ ಹಾಕಿ, ‘ಶೇಕಡ 98 ಮರಳಿ ಸಿಕ್ಕಿತು’ ಎಂದು ಬರೆಯುವುದು. ಹಾಕಿದ್ದು ಸಿಗದೆ ಇನ್ನೇನು? ಒಣಗಿಸಿದ ಸೀಗಡಿಯ ಪುಡಿಯನ್ನು ತೂಗಿ, ಹಸಿ ಮಿಶ್ರಣಕ್ಕೇ ಬೆರೆಸಿ, ಉಂಡೆ ಕಟ್ಟಿ, ಕರಿದು, ಪುಡಿಮಾಡಿ, ಆಮೇಲೆ ಸಾರ ತೆಗೆಯಿರಿ. ಆಗ ಸಿಗುವ ಸಂಖ್ಯೆ ಬೇಸರ ತರಿಸುತ್ತದೆ, ಆದರೆ ನಿಮಗೆ ಬೇಕಾದ ಸಂಖ್ಯೆ ಅದೇ.

200 ಮಿಲಿಗ್ರಾಂ ಎಂಬ ಮಿತಿಯ ಬಗ್ಗೆಯೂ ಒಂದು ಮಾತು. ಅದು ಅಲರ್ಜಿ ಇರುವವರಲ್ಲಿ ಶೇಕಡ 5ರಷ್ಟು ಮಂದಿಗೆ ಕಣ್ಣಿಗೆ ಕಾಣುವ ಪ್ರತಿಕ್ರಿಯೆ ಬರಬಹುದಾದ ಪ್ರಮಾಣದ ಆಧಾರದಲ್ಲಿ ನಿಂತಿದೆ. ಎಚ್ಚರಿಕೆಯ ಚೀಟಿ ಬೇಕೇ ಬೇಡವೇ ಎಂದು ನಿರ್ಧರಿಸಲು ಅದು ಸರಿ. ‘ಸೀಗಡಿ ರಹಿತ’ ಎಂದು ಪೊಟ್ಟಣದ ಮೇಲೆ ಬರೆಯಲು ಅದನ್ನು ಆಸರೆಯಾಗಿ ಹಿಡಿಯಬಾರದು. ತೊಳೆದ ಯಂತ್ರದ ಕೊನೆಯ ನೀರನ್ನು ಪರೀಕ್ಷಿಸುವಾಗಲೂ ಆ ಅಂಕಿ ಕೆಲಸಕ್ಕೆ ಬಾರದು. ಅಲ್ಲಿ ಸಂವೇದಕದ ಪೂರ್ಣ ಸೂಕ್ಷ್ಮತೆ ಬೇಕು. ನನ್ನ ಅಭಿಪ್ರಾಯದಲ್ಲಿ ಈ ಸಂವೇದಕಕ್ಕೆ ತಕ್ಕ ಜಾಗವೂ ಅದೇ ನೀರು: ಕೊಬ್ಬಿಲ್ಲ, ಹೆಪ್ಪಿಲ್ಲ, ಕರಿದದ್ದಿಲ್ಲ, ಉತ್ತರ ಬೇಕಾಗಿರುವುದೂ ಸಾಲು ಮತ್ತೆ ಶುರುವಾಗುವ ಮುಂಚೆ.

ಪ್ರತಿಕಾಯವನ್ನು ಕೊಳ್ಳುವಾಗ ಅದು ಏನೇನನ್ನು ಹಿಡಿಯುತ್ತದೆಂದು ಕೇಳಿ. ಸೀಗಡಿ, ಏಡಿ, ಲಾಬ್‌ಸ್ಟರ್‌ಗಳ ಟ್ರೋಪೋಮಯೋಸಿನ್ ಒಂದಕ್ಕೊಂದು ಶೇಕಡ 90ಕ್ಕೂ ಮೀರಿ ಹೋಲುವುದರಿಂದ ಒಂದೇ ಪ್ರತಿಕಾಯ ಎಲ್ಲವನ್ನೂ ಹಿಡಿದೀತು. ಕಪ್ಪೆಚಿಪ್ಪು, ಸ್ಕ್ವಿಡ್‌ನಂಥ ಮೃದ್ವಂಗಿಗಳದು ಸಾಕಷ್ಟು ಬೇರೆ. ಮನೆಧೂಳಿನ ನುಸಿ, ಜಿರಳೆಗಳಲ್ಲೂ ಹೋಲುವ ಪ್ರೋಟೀನ್ ಇದೆ. ನುಸಿ ಹಿಡಿದ ಹಿಟ್ಟು ಸೀಗಡಿಯ ವೇಷದಲ್ಲಿ ಬರುವ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ಚಿಪ್ಪುಜೀವಿಗಳ ವಿಷಯದಲ್ಲಿ ನಿಯಮಗಳೂ ಒಂದೇ ತೆರನಾಗಿಲ್ಲ: ಯುರೋಪಿನ ಒಕ್ಕೂಟದ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿ ಮೃದ್ವಂಗಿಗಳು ಇವೆ, ಅಮೆರಿಕದ 9ರ ಪಟ್ಟಿಯಲ್ಲಿ ಇಲ್ಲ.

ಮುಂದೆಂದಾದರೂ ಮೀನಿನ ಅಲರ್ಜಿಕಾರಕವನ್ನೂ ಅಳೆಯುವುದಾದರೆ, ಮೀನಿನ ಮುಖ್ಯ ಅಲರ್ಜಿಕಾರಕವಾದ ಪಾರ್ವಾಲ್ಬುಮಿನ್ ಬೇರೆಯೇ ಜಾತಿಯ ಸವಾಲು. 12 ಕಿಲೋಡಾಲ್ಟನ್ ತೂಗುವ ಈ ಸಣ್ಣ ಪ್ರೋಟೀನ್ ಕ್ಯಾಲ್ಸಿಯಂ ಹಿಡಿದುಕೊಂಡಾಗ ಒಂದು ಆಕಾರ, ಬಿಟ್ಟಾಗ ಇನ್ನೊಂದು ಆಕಾರ. ಕೆಲವು ಪ್ರತಿಕಾಯಗಳು ಕ್ಯಾಲ್ಸಿಯಂ ಇರುವ ಆಕಾರವನ್ನು ಮಾತ್ರ ಗುರುತಿಸುತ್ತವೆ. ಬಫರಿನಲ್ಲಿ ಕ್ಯಾಲ್ಸಿಯಂ ಕಸಿದುಕೊಳ್ಳುವ ಇಡಿಟಿಎ ಇದ್ದರೆ ಅಲರ್ಜಿಕಾರಕ ಎದುರಿಗಿದ್ದೂ ಸಂವೇದಕ ಕುರುಡಾಗುತ್ತದೆ. ಟ್ಯೂನಾದ ಕಪ್ಪು ಮಾಂಸದಲ್ಲಿ ಅದು ತೀರಾ ಕಡಿಮೆ, ಕಾಡ್ ಮೀನಿನ ಬಿಳಿ ಮಾಂಸದಲ್ಲಿ ಧಾರಾಳ. ಒಂದರ ಮಾನಕದಿಂದ ಇನ್ನೊಂದನ್ನು ಅಳೆದರೆ ಅರ್ಥವಿಲ್ಲ. 1921ರಲ್ಲಿ ಮೀನಿನ ಅಲರ್ಜಿಯಿದ್ದ ಕ್ಯುಸ್ಟ್‌ನರ್ ಅವರ ರಕ್ತದ್ರವವನ್ನು ವೈದ್ಯ ಪ್ರೌಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡು, ಅಲ್ಲಿಗೇ ಮೀನಿನ ಸಾರ ಕೊಟ್ಟು ನೋಡಿದ್ದರು. ಆಗ ಸಂವೇದಕವೆಂದರೆ ಮನುಷ್ಯನ ಚರ್ಮವೇ. ಅದಕ್ಕೆ ತೊಳೆಯುವ ಹಂತದ ಗೊಡವೆ ಇರಲಿಲ್ಲ.

ಮರುನುಡಿ: ಶೀತಲಗೃಹ

ಮೂವರಿಗೂ ಕೃತಜ್ಞತೆಗಳು. ಆರು ವಾರಗಳ ಬಳಿಕ ಬರೆಯುತ್ತಿದ್ದೇನೆ.

ಕಾಂತೀಯ ಮಣಿಗಳಿಗೆ ಬದಲಾಯಿಸಿಕೊಂಡೆವು. ಮೊದಲ ವಾರವಿಡೀ ಮಾನಕದಲ್ಲೂ ಪ್ರವಾಹ ಬರಲೇ ಇಲ್ಲ. ಪ್ರತಿಕಾಯ ಸತ್ತಿದೆಯೇ, ಪೆರಾಕ್ಸೈಡ್ ಹಳತಾಯಿತೇ ಎಂದು ಒಂದೊಂದನ್ನೇ ಬದಲಿಸುತ್ತಾ ಹೋಗಿ, ಕೊನೆಗೆ ತೊಳೆಯುವ ಬಫರಿನ ಸೀಸೆಯ ಚೀಟಿಯನ್ನು ಓದಿದೆವು: ಬೂಷ್ಟು ಹಿಡಿಯದಿರಲೆಂದು ಯಾರೋ ಸೋಡಿಯಂ ಅಜೈಡ್ ಹಾಕಿಟ್ಟಿದ್ದರು. ಅದು ಪೆರಾಕ್ಸಿಡೇಸ್ ಕಿಣ್ವದ ಕೆಲಸವನ್ನೇ ನಿಲ್ಲಿಸುತ್ತದೆ. ಹೊಸ ಬಫರ್ ಮಾಡಿಕೊಂಡ ದಿನವೇ ಪ್ರವಾಹ ಬಂತು.

ಈಗ ಬಂಗಡೆಯ ಖಾಲಿ ಸಾರ ಬಫರಿಗಿಂತ ಸ್ವಲ್ಪವೇ ಮೇಲಿದೆ. ಸಂಬಂಧವಿಲ್ಲದ ಪ್ರತಿಕಾಯ ಕೂರಿಸಿದ ಮಣಿಗಳನ್ನು ಪ್ರತಿ ಮಾದರಿಯ ಜೊತೆಗೂ ಓಡಿಸಿ, ಅದರ ಪ್ರವಾಹವನ್ನು ಕಳೆಯುತ್ತಿದ್ದೇವೆ. ತೊಳೆದ ನೀರಿನ ಪರೀಕ್ಷೆ 25 ನಿಮಿಷದಲ್ಲಿ ಮುಗಿಯುತ್ತದೆ, ಎಲೈಸಾದೊಂದಿಗೆ ಹೋಲಿಸಿದ ಎಲ್ಲ ದಿನಗಳಲ್ಲೂ ತೀರ್ಮಾನ ಒಂದೇ ಬಂದಿದೆ. ಒಂದು ದಿನ ಎರಡೂ ‘ಇದೆ’ ಎಂದವು. ಹುಡುಕಿದಾಗ ಉಂಡೆ ಕಟ್ಟುವ ಅಚ್ಚಿನ ರಬ್ಬರ್ ಬಳೆಯ ಹಿಂದೆ ಬೆರಳುಗುರಿನಷ್ಟು ಸೀಗಡಿಯ ಹಿಟ್ಟು ಸಿಕ್ಕಿತು.

ಕರಿದ ಉಂಡೆಯಲ್ಲಿ ಮಾತ್ರ ಅಣುಗಂಟು ಅವರು ಹೇಳಿದ ಬೇಸರದ ಸಂಖ್ಯೆಯೇ ಬಂದಿದೆ: ಹಾಕಿದ್ದರಲ್ಲಿ ಮೂರನೆಯ ಒಂದು ಪಾಲೂ ಸಿಗುತ್ತಿಲ್ಲ. ಎಸ್‌ಡಿಎಸ್ (ಪ್ರೋಟೀನನ್ನು ಬಿಚ್ಚುವ ಮಾರ್ಜಕ) ಮತ್ತು ಮರ್ಕ್ಯಾಪ್ಟೋಎಥನಾಲ್ ಹಾಕಿ ಕುದಿಸಿದರೆ ಏರುತ್ತದೆ, ಆದರೆ ಪ್ರತಿ ಸಲವೂ ಬೇರೆಬೇರೆಯಾಗಿ ಬರುತ್ತದೆ. ಏನು ಮಾಡಬಹುದು?

ಉತ್ತರ 4: ಅಣುಗಂಟು

ಎಸ್‌ಡಿಎಸ್ ಉಳಿದರೆ ಅದು ಮಣಿಗಳ ಮೇಲಿನ ಪ್ರತಿಕಾಯವನ್ನೂ ಬಿಚ್ಚಿಬಿಡುತ್ತದೆ, ಸಂಖ್ಯೆ ಕುಣಿಯುವುದಕ್ಕೆ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಕುದಿಸಿ ತಣಿಸಿದ ಮೇಲೆ ಕನಿಷ್ಠ ಐವತ್ತು ಪಟ್ಟು ತೆಳುಮಾಡಿ ಮಣಿಗಳಿಗೆ ಕೊಡಿ. ತೆಳುಮಾಡುವ ಬಫರಿನಲ್ಲಿ ಟ್ವೀನ್ 20 ಎಂಬ ಸೌಮ್ಯ ಮಾರ್ಜಕ ಮತ್ತು ಸ್ವಲ್ಪ ಬಿಎಸ್‌ಎ ಇರಲಿ, ಉಳಿದ ಎಸ್‌ಡಿಎಸ್ ಅವುಗಳಿಗೆ ಅಂಟಿಕೊಳ್ಳುತ್ತದೆ. ಕರಿದ ಉಂಡೆಯನ್ನು ಪುಡಿಮಾಡುವ ಮೊದಲು ಎಣ್ಣೆಯನ್ನು ಹೆಕ್ಸೇನಿನಿಂದ ತೆಗೆದು ನೋಡಿ.

ಮಾನಕದ ಗೆರೆಯನ್ನೂ ಶುದ್ಧ ಬಫರಿನಲ್ಲಿ ಎಳೆಯಬೇಡಿ. ನೀವೇ ಸೀಗಡಿ ಪುಡಿ ಹಾಕಿ ಕರಿದ ಉಂಡೆಗಳಿಂದ, ಇದೇ ಕ್ರಮದಲ್ಲಿ ತೆಗೆದ ಸಾರಗಳಿಂದ ಎಳೆಯಿರಿ. ಮೂರನೆಯ ಒಂದು ಪಾಲೇ ಬಂದರೂ ಪ್ರತಿ ಸಲ ಅದೇ ಪಾಲು ಬರುವುದಾದರೆ ಲೆಕ್ಕ ಕೂಡಿಬರುತ್ತದೆ. ಅದು ಸ್ಥಿರವಾಗುವ ತನಕ ಕರಿದ ಸರಕಿಗೆ ಎಲೈಸಾವನ್ನೇ ಉಳಿಸಿಕೊಳ್ಳಿ, ಆದರೆ ಆ ಕಿಟ್ಟಿನ ಸಾರ ತೆಗೆಯುವ ಬಫರನ್ನೂ ಇದೇ ಉಂಡೆಗಳ ಮೇಲೆ ಒಮ್ಮೆ ಪರೀಕ್ಷಿಸಿ. ಅದಕ್ಕೂ ಇದೇ ಕಾಯಿಲೆ ಇರಬಹುದು.

ಮರುನುಡಿ: ಶೀತಲಗೃಹ

ಕಿಟ್ಟನ್ನು ಪರೀಕ್ಷಿಸಿದೆವು. ಅದಕ್ಕೂ ಇದೆ.